ಮಣ್ಣಿನ ಜೋಳಿಗೆ

ಎದುರು ಮನೆಯ ಒಡೀಲ್ ಮಾಯೇ
ಎಪ್ಪತ್ತೊಂದರಲ್ಲಿ ಮತ್ತೆ ಹೊಲಿಯಲು ಕೂತಳು.
ಹಾಯಿ ಹೊಲಿದ ಅದೇ ಮೂರಂಚಿನ ಸೂಜಿ,
ಮೇಣ ತಿಕ್ಕಿದ ದಾರ, ಅಂಗೈಗೆ ತೊಗಲ ಪಟ್ಟಿ.
ಬಟ್ಟೆ ಮಾತ್ರ ಬೇರೆ: ಹೆದ್ದಾರಿಗೆ ಜಲ್ಲಿ ಸುರಿಯುವ ಮುಂಚೆ
ನೆಲಕ್ಕೆ ಹೊದಿಸುತ್ತಾರಲ್ಲ, ಕಂಬಳಿಯಂಥ ಕಪ್ಪು,
ರಸ್ತೆಯವರು ಬಿಟ್ಟುಹೋದ ಅರ್ಧ ಸುರುಳಿ.
ನಾಲ್ಕು ಚೀಲ. ಒಂದೊಂದರಲ್ಲೂ
ದೊಡ್ಡ ನಾಯಿ ಮುದುಡಿ ಮಲಗುವಷ್ಟು ಜಾಗ.

ನಾಲ್ಕೇ ಯಾಕೆ, ಅಂದೆ.
‘ಮನೆಗೆ ನಾಲ್ಕು. ಕಾನೂನು ನಾನು ಹೇಳಿಕೊಡಬೇಕೆ, ಕಾನ್‌ಸ್ಟೇಬಲ್?’
ಹಲ್ಲಲ್ಲಿ ದಾರ ಕಚ್ಚಿಯೇ ಅಂದಳು.
ನಾನು ಟೋಪಿ ಕಳಚಿಟ್ಟು ಹದಿನಾರು ವರ್ಷ.

ಸೇಂಟ್ ಮೇರಿ ಕೊಲ್ಲಿಯ ನೀರು ಇಳಿದಾಗ
ಬುಟ್ಟಿಗಟ್ಟಲೆ ಕಡಲಪಾಚಿ ಹೊತ್ತು ತಂದಳು.
ಲಾಬ್‌ಸ್ಟರ್ ಚಿಪ್ಪಿನ ಪುಡಿ, ಮೇಪಲ್ ಎಲೆಯ ಹಳೆಗೊಬ್ಬರ.
ಜೂನ್ ಮೊದಲ ವಾರ ಸಸಿ ಇಟ್ಟಳು, ಗೇಣುದ್ದ,
ಮೊದಲ ದಿನದ ಶಾಲೆಯ ಮಕ್ಕಳಂತೆ ನಿಂತವು.

‘ಪ್ಲಾಸ್ಟಿಕ್ ಕುಂಡದಲ್ಲಿ ಬೇರು ಗಾಣದೆತ್ತು.
ಗೋಡೆ ಹಿಡಿದು ಸುತ್ತಿ ಸುತ್ತಿ
ತನ್ನ ಕೊರಳಿಗೆ ತಾನೇ ಉರುಳು.
ಬಟ್ಟೆಯಲ್ಲಿ ಹಾಗಲ್ಲ.
ಅಂಚಿಗೆ ಬಂದ ತುದಿಗೆ ಗಾಳಿ ಸೋಕುತ್ತೆ, ತುದಿ ಒಣಗುತ್ತೆ,
ಹಿಂದಿನಿಂದ ಹತ್ತು ಕವಲು ಹೊರಡುತ್ತೆ.’
ಇಷ್ಟು ಮಾತು ಅವಳು ನನ್ನೊಡನೆ
ಮೂವತ್ತು ವರ್ಷದಲ್ಲಿ ಆಡಿರಲಿಲ್ಲ.

ನನಗೆ ನೆನಪಿದ್ದದ್ದು ಬೇರೆ ಬೇರು.
ಎಂಬತ್ತಾರರ ಆಗಸ್ಟ್, ಆಲ್ಡರ್ ಪೊದೆಯಾಚೆ ಜೌಗು,
ಇಪ್ಪತ್ಮೂರು ಗಿಡ. ನಾನೇ ಎಣಿಸಿದ್ದು, ನಾನೇ ಕಿತ್ತದ್ದು.
ಬುಡಕ್ಕೆ ಎರಡೂ ಕೈ, ಮಂಡಿ ಮಡಿಸಿ, ಒಂದೇ ಎಳೆತ:
ಒದ್ದೆ ದುಪ್ಪಟಿ ಹರಿದ ಸದ್ದು.
ನೆಟ್ಟವನು ಆನ್ಸೆಲ್ಮ್, ಅವಳ ತಮ್ಮ.
ಎಂಟು ತಿಂಗಳು ಒಳಗಿದ್ದ. ದೋಣಿಯ ಪರವಾನಗಿ ಹೋಯಿತು.
ಪಶ್ಚಿಮದ ಎಣ್ಣೆ ಬಾವಿಗಳ ಕಡೆ ಹೋದವನಿಂದ
ಕೆಲವು ಕ್ರಿಸ್ಮಸ್ಸಿಗೆ ಕಾರ್ಡು ಬಂತು, ಆಮೇಲೆ ಬರಲಿಲ್ಲ.
ನನ್ನ ಸಮವಸ್ತ್ರವನ್ನು ಹೆಂಡತಿ
ಮೂರು ಸಲ ಒಗೆದಳು. ವಾಸನೆ ಬಿಡಲಿಲ್ಲ.

ಜುಲೈ ಪೂರಾ ಚೀಲಗಳು ಕುಡಿದವು, ಬೆವರಿದವು.
ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ;
ಹೊರಮೈಗೆ ಬಿಳಿ ಉಪ್ಪು ಕಟ್ಟಿತು,
ಮೀನುಗಾರನ ಅಂಗಿಯ ಬೆನ್ನಿನ ಹಾಗೆ.
ಸೆಪ್ಟೆಂಬರಿನಲ್ಲಿ ಹೂ ತುಂಬಿ
ಇಡೀ ಓಣಿ ನಾರತೊಡಗಿದಾಗ ಪಾದ್ರಿ ಮೂಗು ಮುಚ್ಚಿ ಕೇಳಿದರು.
‘ಎಲ್ಲೋ ಸ್ಕಂಕ್ ಸತ್ತಿರಬೇಕು, ಫಾದರ್,’
ಅಂದವನು ನಾನು. ಒಡೀಲ್ ಕಿಟಕಿ ಎಳೆದುಕೊಂಡಳು.

ಅಕ್ಟೋಬರ್. ಮೂರು ದಿನ ಮಂಜು ಕದಲಲಿಲ್ಲ.
ಟಾರ್ಚು ಹಿಡಿದು ಹೂ ಹೂವಿನ ಸಂದಿಯಲ್ಲಿ
ಬೂದಿ ಬೂಷ್ಟು ಹುಡುಕಿದಳು, ಮಗುವಿನ ತಲೆಯಲ್ಲಿ ಹೇನು ಹುಡುಕಿದಂತೆ.
ನಾಲ್ಕನೇ ರಾತ್ರಿ ರೇಡಿಯೋ ಬಿರುಗಾಳಿ ಅಂದಿತು.
ಹನ್ನೊಂದಕ್ಕೆ ನನ್ನ ಬಾಗಿಲು ಬಡಿದಳು:
‘ಹಿಡಿಕೆ ಹೊಲಿದದ್ದು ಇದಕ್ಕೇ. ಬಾ.’

ಅವಳೊಂದು ಕಡೆ, ನಾನೊಂದು ಕಡೆ,
ಬಲೆ ಎಳೆಯುವ ಜಾರುಬಂಡಿಯ ಮೇಲೆ
ಆನ್ಸೆಲ್ಮನ ಖಾಲಿ ದೋಣಿಮನೆಗೆ.
ಒಂದು. ಉಸಿರು. ಎರಡು. ಕೆಸರು. ಮೂರು.
ನಾಲ್ಕನೆಯದಕ್ಕೆ ನನ್ನ ಸೊಂಟ ಸುಮ್ಮನೆ ಕುಳಿತುಬಿಟ್ಟಿತು.
ಮಳೆ ಅಡ್ಡಡ್ಡ ಬರುತ್ತಿತ್ತು.
‘ಬಿಡು. ಕಿತ್ತುಬಿಡು ಇದನ್ನ.
ಗೊತ್ತಲ್ಲ ನಿನಗೆ.’

ಬುಡಕ್ಕೆ ಎರಡೂ ಕೈ. ಮಂಡಿ ಮಡಿಸಿ ಎಳೆದೆ.
ಬರಲಿಲ್ಲ.
ಇನ್ನೊಮ್ಮೆ.
ಚೀಲದಂಚಿಂದ ಚೀಲದಂಚಿಗೆ ಬೇರು, ಕೂದಲಿನಷ್ಟು,
ಮಣ್ಣೆಲ್ಲಿ, ಗಿಡವೆಲ್ಲಿ, ಬಟ್ಟೆಯೆಲ್ಲಿ ತಿಳಿಯದು.
ಒಡೀಲ್ ನಕ್ಕಳು. ಮಳೆಯಲ್ಲಿ, ಬಾಯಿ ತೆರೆದು,
ಜೋರಾಗಿ ನಕ್ಕಳು.
ಆಮೇಲೆ ಗರಗಸ ತಂದು
ತಾನೇ ಕೊಯ್ದಳು.

ನವೆಂಬರಿನಲ್ಲಿ ಒಂದು ಸಣ್ಣ ಡಬ್ಬಿ, ಜೇನುಮೇಣದ್ದು.
ಅವಳ ಬೆರಳ ಗಂಟುಗಳಿಗೆಂದು ಕಾಯಿಸಿದ್ದರಲ್ಲಿ ಉಳಿದದ್ದಂತೆ.
‘ಸೊಂಟಕ್ಕೆ. ದಿನಕ್ಕೆರಡು ಸಲ,’ ಅಂದು ಹೋದಳು.
ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ; ಎದುರು ಹಿತ್ತಲಿನದು?
ಮುಚ್ಚಳ ತಿರುವಿದೆ.
ಎಂಬತ್ತಾರರ ಆಗಸ್ಟ್
ಅಡುಗೆಮನೆ ತುಂಬ.
ಸ್ವಲ್ಪ ಹೊತ್ತು ಹಾಗೇ ನಿಂತಿದ್ದು
ಹಚ್ಚಿಕೊಂಡೆ.